ತೋಳಿನ ಬಿಪಿ, ಮಿದುಳಿನ ಬಿಪಿ: ಕೂರಿಸಿ ಮಾಡುವ ಭುಜದ ಆಪರೇಷನ್ನಿನ ಲೆಕ್ಕ

ಭುಜದ ಹರಿದ ಸ್ನಾಯುರಜ್ಜು ಹೊಲಿಯುವ ಆಪರೇಷನ್. ರೋಗಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಟೇಬಲ್ಲಿನ ಬೆನ್ನಿನ ಭಾಗವನ್ನು 70 ಡಿಗ್ರಿಗೆ ಎತ್ತಿ ಕೂರಿಸಿಯಾಗಿದೆ. ಬಿಪಿ ಪಟ್ಟಿ ಇನ್ನೊಂದು ತೋಳಿಗೆ ಸುತ್ತಿದೆ. ಮಾನಿಟರ್‌ನಲ್ಲಿ 90/52, ಸರಾಸರಿ 65. ಬೆರಳಿನ ಪಲ್ಸ್ ಆಕ್ಸಿಮೀಟರ್ 100 ತೋರಿಸುತ್ತಿದೆ. ಮೇಲ್ನೋಟಕ್ಕೆ ಯಾವ ತೊಂದರೆಯೂ ಇಲ್ಲ.

ಈಗ ಟೇಪು ಹಿಡಿದು ಅಳೆಯಿರಿ. ಪಟ್ಟಿಯ ನಡುಭಾಗದಿಂದ ಕಿವಿಯ ರಂಧ್ರದವರೆಗಿನ ನೇರ ಎತ್ತರ ಸಾಮಾನ್ಯ ಮೈಕಟ್ಟಿನವರಲ್ಲಿ 20ರಿಂದ 30 ಸೆಂ.ಮೀ. ಇರುತ್ತದೆ. ಬಿಪಿಯನ್ನು ಅಳೆಯುವುದು ಪಾದರಸದ ಮಿ.ಮೀ. ಲೆಕ್ಕದಲ್ಲಿ; ಪಾದರಸ ರಕ್ತಕ್ಕಿಂತ ಸುಮಾರು 13 ಪಟ್ಟು ಭಾರ. ಹಾಗಾಗಿ ರಕ್ತ ಒಂದು ಸೆಂ.ಮೀ. ಮೇಲೇರಿದಂತೆಲ್ಲ 0.78 ಮಿ.ಮೀ. ಒತ್ತಡ ಕಳೆದುಕೊಳ್ಳುತ್ತದೆ. 25 ಸೆಂ.ಮೀ.ಗೆ ಸುಮಾರು 20. ಅಂದರೆ ತೋಳಿನಲ್ಲಿ 65 ಇದ್ದದ್ದು ಕಿವಿಯ ಮಟ್ಟದಲ್ಲಿ 45. ಮಿದುಳಿನ ಮೇಲ್ಪದರ ಕಿವಿಗಿಂತಲೂ 10-12 ಸೆಂ.ಮೀ. ಎತ್ತರದಲ್ಲಿದೆ, ಅಲ್ಲಿಗೆ ಇನ್ನೊಂದು 8-9 ಕಳೆಯಿರಿ. ಉಳಿದದ್ದು 36ರ ಹತ್ತಿರ. ಓವರ್‌ಹೆಡ್ ಟ್ಯಾಂಕಿನ ನೀರು ಕೆಳಮನೆಯ ನಲ್ಲಿಗೆ ಬರುವ ರಭಸದಲ್ಲಿ ಮೇಲಿನ ಮಹಡಿಗೆ ಬರುವುದಿಲ್ಲವಲ್ಲ, ಲೆಕ್ಕ ಅದೇ.

ಮಲಗಿದವರಲ್ಲಿ ತೋಳು, ಹೃದಯ, ತಲೆ ಮೂರೂ ಒಂದೇ ಮಟ್ಟದಲ್ಲಿರುವುದರಿಂದ ಈ ಕಳೆಯುವ ಲೆಕ್ಕ ಬೇಕಾಗುವುದಿಲ್ಲ. ನಮ್ಮ ಕಣ್ಣು ಪಳಗಿರುವುದು ಆ ಅಂಕಿಗಳಿಗೆ. ಕೂರಿಸಿದ ರೋಗಿಯಲ್ಲೂ ‘65 ಇದೆ, ಸಾಕು’ ಎಂದುಕೊಳ್ಳುವುದಕ್ಕೆ ಈ ರೂಢಿಯೇ ಕಾರಣ. ಹೀಗೆ ಕೂರಿಸುವ ಭಂಗಿಗೆ ಬೀಚ್ ಚೇರ್ ಪೊಸಿಷನ್ ಎನ್ನುತ್ತಾರೆ; ಅದರ ಅಪಾಯದಲ್ಲಿ ದೊಡ್ಡ ಪಾಲು ಈ ಒಂದು ಯೋಚನೆಯಲ್ಲಿದೆ.

ಬಿಪಿ ಪಟ್ಟಿಯನ್ನು ಕಾಲಿನ ಮೀನಖಂಡಕ್ಕೆ ಸುತ್ತುವುದು ಇನ್ನೂ ಕೆಟ್ಟದ್ದು. ಒಂದು ತೋಳಿಗೆ ಆಪರೇಷನ್, ಇನ್ನೊಂದರಲ್ಲಿ ಡ್ರಿಪ್, ಆದ್ದರಿಂದ ಪಟ್ಟಿ ಕಾಲಿಗೆ ಎನ್ನುವ ವಾದ ಕೇಳಲು ಸರಿಯೆನಿಸುತ್ತದೆ. ಆದರೆ ಕೂತವರಲ್ಲಿ ಮೀನಖಂಡಕ್ಕೂ ಕಿವಿಗೂ 70 ಸೆಂ.ಮೀ. ಅಂತರವಿದ್ದರೆ ವ್ಯತ್ಯಾಸ 55 ಮಿ.ಮೀ. ಆಗುತ್ತದೆ. ಕಾಲಿನಲ್ಲಿ ಸರಾಸರಿ 90 ಕಂಡರೆ ಕಿವಿಯ ಹತ್ತಿರ 35! ಪಟ್ಟಿ ತೋಳಿಗೇ ಇರಲಿ. ಅದೇ ಕೈಯಲ್ಲಿ ಡ್ರಿಪ್ ಇದ್ದರೆ ಪಟ್ಟಿ ಉಬ್ಬಿದಾಗಲೆಲ್ಲ ಔಷಧಿ ನಿಂತುಬಿಡುತ್ತದೆ, ಅದೂ ಒತ್ತಡ ಕುಸಿದು ಪಟ್ಟಿ ಮತ್ತೆ ಮತ್ತೆ ಉಬ್ಬುತ್ತಿರುವ ಹೊತ್ತಿನಲ್ಲೇ. ಹಾಗಾಗಿ ಪಾದದಲ್ಲಿ ಎರಡನೇ ಕ್ಯಾನುಲಾ ಹಾಕಿಟ್ಟುಕೊಳ್ಳಿ. ಇಲ್ಲವೇ ಮಣಿಕಟ್ಟಿನಲ್ಲಿ ಆರ್ಟೀರಿಯಲ್ ಲೈನ್ (ಧಮನಿಯೊಳಗಿಂದಲೇ ಒತ್ತಡ ಅಳೆಯುವ ಸಣ್ಣ ಕೊಳವೆ) ಹಾಕಿ.

ಹಿಂದಿನಿಂದ ಬಿಪಿ ಇರುವವರು, ಸ್ಟ್ರೋಕ್ ಆದವರು, ಕುತ್ತಿಗೆಯ ರಕ್ತನಾಳ ಕಿರಿದಾದವರು, ದೀರ್ಘ ಹೊತ್ತಿನ ಕೀಲು ಬದಲಾವಣೆ, ಇಂಥವಕ್ಕೆ ಆರ್ಟೀರಿಯಲ್ ಲೈನ್ ಬೇಕೇ ಬೇಕು ಎನ್ನುವುದು ನಮ್ಮ ನಿಲುವು. ಅದರ ಒತ್ತಡ ಅಳೆಯುವ ಸೆನ್ಸರನ್ನು, ಅಂದರೆ ಟ್ರಾನ್ಸ್‌ಡ್ಯೂಸರನ್ನು, ಕಿವಿಯ ಮಟ್ಟದಲ್ಲಿ ಕಟ್ಟಿ, ಅಲ್ಲೇ ಗಾಳಿಗೆ ತೆರೆದು ಸೊನ್ನೆ ಮಾಡಿ. ಆಗ ಪರದೆಯ ಮೇಲೆ ಕಾಣುವುದೇ ಮಿದುಳಿನ ಬುಡದ ಒತ್ತಡ, ಕಳೆಯುವ ಲೆಕ್ಕವೇ ಬೇಡ. ಇಲ್ಲೂ ಒಂದು ತೊಡಕಿದೆ. ಟ್ರಾನ್ಸ್‌ಡ್ಯೂಸರ್ ಡ್ರಿಪ್ ಸ್ಟ್ಯಾಂಡಿಗೆ ಕಟ್ಟಿದ್ದಾಗ, ಟೇಬಲ್ ಏರಿಸಿದರೆ ತಲೆ ಮೇಲೆ ಹೋಗುತ್ತದೆ, ಟ್ರಾನ್ಸ್‌ಡ್ಯೂಸರ್ ಇದ್ದಲ್ಲೇ ಉಳಿಯುತ್ತದೆ. 10 ಸೆಂ.ಮೀ. ಕೆಳಗೆ ಉಳಿದರೆ ಅಂಕಿ 8ರಷ್ಟು ಸುಳ್ಳು ಹೆಚ್ಚು ತೋರಿಸುತ್ತದೆ. ಟೇಬಲ್ ಕದಲಿದಾಗಲೆಲ್ಲ ಮಟ್ಟ ನೋಡಲೇಬೇಕು.

ರಕ್ತನಾಳಗಳೆಲ್ಲ ಮುಚ್ಚಿದ ಸುತ್ತು, ಮೇಲೇರುವಾಗ ಕಳೆದದ್ದು ಇಳಿಯುವಾಗ ಸೈಫನ್‌ನಂತೆ ಮರಳಿ ಸಿಗುತ್ತದೆ, ಹಾಗಾಗಿ ಎತ್ತರದ ಲೆಕ್ಕ ಬೇಡ ಎಂದು ವಾದಿಸುವವರೂ ಇದ್ದಾರೆ. ಆದರೆ ನೆಟ್ಟಗೆ ಕೂತಾಗ, ತಲೆಯಿಂದ ರಕ್ತ ಇಳಿಸುವ ಕುತ್ತಿಗೆಯ ಜುಗುಲರ್ ಸಿರೆಗಳು ಮುದುರಿಕೊಳ್ಳುತ್ತವೆ. ಮುದುರುವ ಕೊಳವೆಯಲ್ಲಿ ಸೈಫನ್ ಪೂರ್ತಿ ಕೆಲಸ ಮಾಡುವುದನ್ನು ನಂಬಿ ಕೂರಲಾಗದು. ಕಳೆದು ಲೆಕ್ಕ ಹಾಕಿದರೆ ಕೆಲವೊಮ್ಮೆ ಒಂದಿಷ್ಟು ಔಷಧಿ ಹೆಚ್ಚು ಖರ್ಚಾದೀತು. ಕಳೆಯದೆ ಬಿಟ್ಟರೆ ಆಗಬಹುದಾದ ನಷ್ಟ ಬೇರೆಯೇ ತೂಕದ್ದು.

ಎಚ್ಚರವಿರುವ ಮನುಷ್ಯ ದಿನವಿಡೀ ಕೂತೇ ಇರುತ್ತಾನೆ, ಅವನಿಗೆ ಏನೂ ಆಗುವುದಿಲ್ಲವಲ್ಲ? ಎದ್ದು ಕೂತ ಕ್ಷಣ ಕಾಲುಗಳಲ್ಲಿ ರಕ್ತ ತಂಗುತ್ತದೆ, ಹೃದಯಕ್ಕೆ ಮರಳುವುದು ಕಡಿಮೆಯಾಗುತ್ತದೆ. ಕೂಡಲೇ ನರಗಳು ರಕ್ತನಾಳಗಳನ್ನು ಬಿಗಿ ಮಾಡಿ, ನಾಡಿ ಏರಿಸಿ ಸರಿದೂಗಿಸುತ್ತವೆ. ಅರಿವಳಿಕೆ ಔಷಧಿಗಳು, ಪ್ರೊಪೊಫಾಲ್, ಸೆವೋಫ್ಲುರೇನ್ ಯಾವುದೇ ಇರಲಿ, ಈ ಬಿಗಿಯನ್ನೇ ಸಡಿಲಿಸುತ್ತವೆ. ವೆಂಟಿಲೇಟರ್ ಎದೆಯೊಳಗಿನ ಒತ್ತಡ ಹೆಚ್ಚಿಸಿ ಹೃದಯಕ್ಕೆ ಮರಳುವ ರಕ್ತವನ್ನು ಇನ್ನಷ್ಟು ತಡೆಯುತ್ತದೆ. ಹಿಂದಿನ ರಾತ್ರಿಯಿಂದ ನೀರಿಲ್ಲದ ಹೊಟ್ಟೆ, ಬೆಳಿಗ್ಗೆ ನುಂಗಿದ, ಬಿಪಿ ಇಳಿಸುವ ಟೆಲ್ಮಿಸಾರ್ಟಾನ್ ಮಾತ್ರೆ ಎರಡೂ ಸೇರಿದರೆ ಬಿಪಿ ಕುಸಿಯುವುದು ಖಚಿತ ಎಂದೇ ಸಿದ್ಧರಾಗಿರಿ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್ ಗುಂಪಿನ ಮಾತ್ರೆಗಳನ್ನು ಆಪರೇಷನ್ನಿನ ಬೆಳಿಗ್ಗೆ ನಿಲ್ಲಿಸುವುದು ಒಳ್ಳೆಯದು. ನಾಡಿ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನಿಲ್ಲಿಸಬಾರದು. ನೀರನ್ನು ಎರಡು ಗಂಟೆ ಮುಂಚಿನವರೆಗೂ ಕುಡಿಯಬಹುದು ಎಂಬುದನ್ನು ಮನೆಯವರಿಗೆ ಬಿಡಿಸಿ ಹೇಳಿ.

ಒತ್ತಡ ಎಷ್ಟಕ್ಕೆ ಇಳಿದರೆ ಮಿದುಳಿನ ರಕ್ತಹರಿವು ಕುಸಿಯತೊಡಗುತ್ತದೆ? ಹಳೆಯ ಪಠ್ಯಗಳು ಸರಾಸರಿ 50 ಎನ್ನುತ್ತಿದ್ದವು. ಆರೋಗ್ಯವಂತರಲ್ಲೂ ಅದು 70ರ ಹತ್ತಿರವೇ ಇರಬಹುದು ಎಂಬ ವಾದ 1990ರ ದಶಕದಿಂದ ಗಟ್ಟಿಯಾಗಿದೆ. ಬಹುಕಾಲದಿಂದ ಬಿಪಿ ಇರುವವರಲ್ಲಿ ಈ ಗಡಿ ಇನ್ನೂ ಮೇಲಕ್ಕೆ ಸರಿದಿರುತ್ತದೆ. ಎಲ್ಲರಿಗೂ ಒಪ್ಪುವ ಒಂದೇ ಅಂಕಿ ಇಲ್ಲ. ಆದ್ದರಿಂದ ಗುರಿಯನ್ನು ರೋಗಿಯ ಸ್ವಂತ ಬಿಪಿಯಿಂದಲೇ ಹಾಕಿಕೊಳ್ಳಬೇಕು. ವಾರ್ಡಿನಲ್ಲಿ ಎರಡು-ಮೂರು ಸಲ ನೋಡಿದ ಸರಾಸರಿ 95 ಇದೆ ಅಂದುಕೊಳ್ಳಿ. ಅದರಲ್ಲಿ 20% ಇಳಿಕೆಯವರೆಗೆ ಒಪ್ಪಿದರೆ 76; ಇದು ಕಿವಿಯ ಮಟ್ಟದಲ್ಲಿ ಇರಬೇಕಾದದ್ದು. ಎತ್ತರ 25 ಸೆಂ.ಮೀ. ಇದ್ದರೆ ತೋಳಿನಲ್ಲಿ 96 ಬೇಕು. ಟೇಬಲ್ ಏರಿಸುವ ಮೊದಲೇ ಈ ಅಂಕಿಯನ್ನು ಬಿಳಿ ಟೇಪಿನ ಮೇಲೆ ಬರೆದು ಮಾನಿಟರಿಗೆ ಅಂಟಿಸಿ. ಮಧ್ಯದಲ್ಲಿ ಡ್ಯೂಟಿ ಬದಲಾದರೂ ಲೆಕ್ಕ ಕಳೆದುಹೋಗುವುದಿಲ್ಲ.

ಇನ್ನು ಮಿದುಳಿನ ಆಕ್ಸಿಜನ್ ನೋಡುವ ಯಂತ್ರ, ಸೆರೆಬ್ರಲ್ ಆಕ್ಸಿಮೀಟರ್. ಹಣೆಗೆ ಅಂಟಿಸಿದ ಸೆನ್ಸರಿನಿಂದ ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕು ಒಳಹೋಗುತ್ತದೆ. ಕೆಲವು ಯಂತ್ರಗಳಲ್ಲಿ 730 ಮತ್ತು 810 ನ್ಯಾನೊಮೀಟರ್. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ನೂ ಹೊರದದ್ದೂ ಈ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಹತ್ತಿರದ ಗ್ರಾಹಕ ಚರ್ಮ-ಮೂಳೆಯಿಂದ ಮರಳಿದ ಬೆಳಕನ್ನೂ, ದೂರದ್ದು ಇನ್ನಷ್ಟು ಆಳದಿಂದ ಬಂದದ್ದನ್ನೂ ಹಿಡಿಯುತ್ತದೆ. ಒಂದರಿಂದ ಒಂದನ್ನು ಕಳೆದರೆ ಮಿದುಳಿನ ಮುಂಭಾಗದ ಮೇಲ್ಪದರದ ಅಂದಾಜು ಸಿಗುತ್ತದೆ. ಬೆರಳಿನ ಯಂತ್ರದ ಹಾಗೆ ನಾಡಿಮಿಡಿತ ಇದಕ್ಕೆ ಬೇಕಿಲ್ಲ. ಅದು ಓದುವ ರಕ್ತದಲ್ಲಿ ಸುಮಾರು 70-75 ಪಾಲು ಸಿರೆಯದು, ಉಳಿದದ್ದು ಧಮನಿಯದು. ಅದಕ್ಕೇ ಬೆರಳಿನಲ್ಲಿ 100 ಇರುವಾಗಲೂ ಇಲ್ಲಿ 65 ಕಂಡರೆ ಅದು ಆರೋಗ್ಯವೇ. ಸಾಮಾನ್ಯವಾಗಿ 60ರಿಂದ 80ರ ನಡುವೆ ಇರುತ್ತದೆ. ಬಂದದ್ದೆಷ್ಟು ಎನ್ನುವುದಕ್ಕಿಂತ ಮಿದುಳು ಬಳಸಿ ಉಳಿಸಿದ್ದೆಷ್ಟು ಎಂಬುದೇ ಈ ಅಂಕಿಯ ತಿರುಳು.

ಅಂಟಿಸುವುದರಲ್ಲೇ ಅರ್ಧ ಕೆಲಸವಿದೆ. ಬಿಂದಿ, ಕುಂಕುಮ, ವಿಭೂತಿ ಇದ್ದರೆ ರೋಗಿಗೆ ಹೇಳಿ, ಒಪ್ಪಿಸಿ, ಒರೆಸಿ. ಹಣೆಯನ್ನು ಸ್ಪಿರಿಟ್ಟಿನಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಹುಬ್ಬಿನ ಮೇಲೆ ಎರಡೂ ಕಡೆ ಒಂದೊಂದು ಸೆನ್ಸರ್. ನಟ್ಟನಡುವೆ ಬೇಡ, ಅಲ್ಲಿ ದೊಡ್ಡ ಸಿರೆಯಿದೆ. ಕೂದಲಿನ ಮೇಲೂ ಬೇಡ. ಅದೇ ಹಣೆಯ ಮೇಲೆ ಅರಿವಳಿಕೆಯ ಆಳ ನೋಡುವ ಪಟ್ಟಿಯೂ ಬರಬೇಕು, ಬೀಚ್ ಚೇರಿನ ತಲೆ ಬಿಗಿಯುವ ಬೆಲ್ಟೂ ಬರಬೇಕು. ಬೆಲ್ಟು ಸೆನ್ಸರಿನ ಮೇಲೇ ಒತ್ತಿ ಕೂತರೆ ಚರ್ಮ ಕಂದುತ್ತದೆ, ಅಂಕಿಯೂ ಕೆಡುತ್ತದೆ. ಮೊದಲು ಬೆಲ್ಟು ಎಲ್ಲಿ ಬರುತ್ತದೆಂದು ನೋಡಿ, ಆಮೇಲೆ ಸೆನ್ಸರಿನ ಜಾಗ ಗೊತ್ತು ಮಾಡಿ. ಆಪರೇಷನ್ ದೀಪದ ಬೆಳಕು ಬೀಳದಂತೆ ಮೇಲೆ ದಪ್ಪ ಬಟ್ಟೆ ಮುಚ್ಚಿ.

ಮೊದಲ ಅಂಕಿಯನ್ನು ರೋಗಿ ಎಚ್ಚರವಿದ್ದು ಮಲಗಿರುವಾಗ, ಆಕ್ಸಿಜನ್ ಮಾಸ್ಕ್ ಇಡುವ ಮುಂಚೆಯೇ ದಾಖಲಿಸಬೇಕು. ಮಾಸ್ಕ್ ಇಟ್ಟ ಮೇಲೆ ಅಂಕಿ ಏರುತ್ತದೆ, ಆ ಏರಿದ್ದನ್ನೇ ಆಧಾರ ಮಾಡಿಕೊಂಡರೆ ಮುಂದೆ ಸುಳ್ಳು ಎಚ್ಚರಿಕೆಗಳು ಬರುತ್ತಲೇ ಇರುತ್ತವೆ. ಚರ್ಮದ ಬಣ್ಣ, ತಲೆಬುರುಡೆಯ ದಪ್ಪ, ಹಿಮೋಗ್ಲೋಬಿನ್, ಯಂತ್ರದ ಕಂಪನಿ ಎಲ್ಲವೂ ಅಂಕಿಯನ್ನು ಏರುಪೇರು ಮಾಡುವುದರಿಂದ ಒಬ್ಬರ ಅಂಕಿಯನ್ನು ಇನ್ನೊಬ್ಬರದಕ್ಕೆ ಹೋಲಿಸುವುದು ವ್ಯರ್ಥ. ಅವರದೇ ಆಧಾರದಿಂದ 20% ಇಳಿದರೆ ಅಥವಾ ಅಂಕಿ 55 ಮುಟ್ಟಿದರೆ ಎಚ್ಚರಿಕೆ. ಇಲ್ಲಿ 20% ಅಂದರೆ 20 ಅಂಕಿ ಅಂದುಕೊಳ್ಳುವವರಿದ್ದಾರೆ. ಆಧಾರ 70 ಇದ್ದವರಲ್ಲಿ 20% ಅಂದರೆ 14, ಎಚ್ಚರಿಕೆ 56ಕ್ಕೇ ಮೊಳಗಬೇಕು, 50ರವರೆಗೆ ಕಾಯುವುದಲ್ಲ.

2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಭುಜದ ಆರ್ತ್ರೋಸ್ಕೋಪಿಯ (ಸಣ್ಣ ತೂತುಗಳಿಂದ ಕ್ಯಾಮೆರಾ ತೂರಿಸಿ ಮಾಡುವ ಆಪರೇಷನ್) 124 ರೋಗಿಗಳನ್ನು ಇದೇ ಅಳತೆಗೋಲಿನಿಂದ ನೋಡಿತು. ಕೂರಿಸಿದ 61 ಮಂದಿಯಲ್ಲಿ ಸುಮಾರು 80% ಜನರಿಗೆ ಒಮ್ಮೆಯಾದರೂ ಅಂಕಿ ಕುಸಿಯಿತು. ಮಗ್ಗುಲಿಗೆ ಮಲಗಿಸಿದ 63 ಮಂದಿಯಲ್ಲಿ ಒಬ್ಬರಿಗೂ ಇಲ್ಲ. ಆದರೂ ಕೂರಿಸಿ ಆಪರೇಷನ್ ಮಾಡಿಸಿಕೊಂಡವರಲ್ಲಿ ಸ್ಟ್ರೋಕ್ ತೀರಾ ಅಪರೂಪ. ಅಂಕಿ ಕುಸಿದದ್ದಕ್ಕೂ ನೆನಪು-ಗ್ರಹಿಕೆಯ ಪರೀಕ್ಷೆಗಳಿಗೂ ಸ್ಪಷ್ಟ ಸಂಬಂಧ ಕಾಣದ ಅಧ್ಯಯನಗಳೂ ಇವೆ. ಇದನ್ನೇ ಹಿಡಿದು ಯಂತ್ರ ದಂಡ ಎನ್ನುವುದು ಸರಿಯಲ್ಲ. 2005ರಲ್ಲಿ ವರದಿಯಾದ ನಾಲ್ಕು ಪ್ರಕರಣಗಳಲ್ಲಿ, ಮಧ್ಯವಯಸ್ಸಿನ, ಸ್ಟ್ರೋಕ್ ಆಗುವರೆಂದು ಯಾರೂ ಎಣಿಸದ ರೋಗಿಗಳು ನೆಟ್ಟಗೆ ಕೂತು ಆಪರೇಷನ್ ಮಾಡಿಸಿಕೊಂಡು ಮಿದುಳು ಅಥವಾ ಬೆನ್ನುಹುರಿಗೆ ರಕ್ತವಿಲ್ಲದೆ ಹಾನಿಗೊಳಗಾದರು. ಎಲ್ಲೋ ಒಬ್ಬರಿಗೆ ಆಗುವ ಅನಾಹುತ ಯಾರಿಗೆ ಎಂಬುದು ಮುಂಚೆ ಗೊತ್ತಾಗುವುದಿಲ್ಲ; ಪ್ರತಿಯೊಬ್ಬರಲ್ಲೂ ಲೆಕ್ಕ ಹಾಕುವುದಕ್ಕೆ ಅಷ್ಟೇ ಕಾರಣ ಸಾಕು. ಒಮ್ಮೆ ಬಳಸಿ ಎಸೆಯುವ ಸೆನ್ಸರ್ ದುಬಾರಿ, ಎಲ್ಲ ಆಸ್ಪತ್ರೆಗಳಲ್ಲೂ ಸಿಗುವುದಿಲ್ಲ. ಅಳತೆಯ ಟೇಪು ಎಲ್ಲ ಕಡೆಯೂ ಸಿಗುತ್ತದೆ.

ಅಂಕಿ ಇಳಿಯಿತು ಅಂದಾಗ ಮೊದಲು ನೋಡಬೇಕಾದ್ದು ತಲೆ. ಶಸ್ತ್ರಚಿಕಿತ್ಸಕರು ತೋಳು ಎಳೆದಾಗ ಮೈ ಜರುಗುತ್ತದೆ, ತಲೆ ಹಿಡಿಕೆಯಲ್ಲೇ ಉಳಿದು ಕುತ್ತಿಗೆ ತಿರುಚಿಕೊಳ್ಳುತ್ತದೆ. ಹೊದಿಕೆಯ ಕೆಳಗೆ ಕೈ ಹಾಕಿ, ಮೂಗು-ಗದ್ದ-ಎದೆಮೂಳೆ ಒಂದೇ ಗೆರೆಯಲ್ಲಿವೆಯೇ, ಗದ್ದ ಮತ್ತು ಎದೆಯ ನಡುವೆ ಎರಡು ಬೆರಳು ಹಿಡಿಸುತ್ತವೆಯೇ, ಬೆಲ್ಟು ಕುತ್ತಿಗೆಗೆ ಜಾರಿದೆಯೇ ನೋಡಿ. ಒಂದೇ ಕಡೆಯ ಅಂಕಿ ಇಳಿದಿದ್ದರೆ ಸೆನ್ಸರ್ ಕಿತ್ತುಬಂದಿರಬಹುದು, ಕುತ್ತಿಗೆ ಹೊರಳಿರಬಹುದು. ಎರಡೂ ಕಡೆ ಒಟ್ಟಿಗೆ ಇಳಿದಿದ್ದರೆ ಒತ್ತಡ, ಇಂಗಾಲದ ಡೈಆಕ್ಸೈಡ್, ಹೃದಯದ ಹರಿವು ಇವುಗಳ ಕಡೆ ತಿರುಗಿ.

ಇಂಗಾಲದ ಡೈಆಕ್ಸೈಡನ್ನು ಬಹಳ ಮಂದಿ ಮರೆಯುತ್ತಾರೆ. ರಕ್ತದಲ್ಲಿ ಅದು 1 ಮಿ.ಮೀ. ಇಳಿದರೆ ಮಿದುಳಿನ ರಕ್ತಹರಿವು 3ರಿಂದ 4% ಇಳಿಯುತ್ತದೆ. ವೆಂಟಿಲೇಟರ್ ಸುಮ್ಮನೆ ನಿಮಿಷಕ್ಕೆ 14 ಉಸಿರಿಗೆ ಬಿಟ್ಟು, ಹೊರಬಿಡುವ ಉಸಿರಿನ ಕೊನೆಯಲ್ಲಿ ಅಳೆದ ಡೈಆಕ್ಸೈಡಿನ ಅಂಕಿ 30ಕ್ಕೆ ಬಂದಿದ್ದರೆ ಮಿದುಳಿನ ನಾಳಗಳನ್ನು ನಾವೇ ಕೈಯಾರೆ ಕಿರಿದು ಮಾಡಿದ ಹಾಗೆ. ಉಸಿರಿನ ಸಂಖ್ಯೆ ಇಳಿಸಿ 40ರ ಆಸುಪಾಸಿಗೆ ತನ್ನಿ. ಖರ್ಚಿಲ್ಲದ, ಔಷಧಿಯಿಲ್ಲದ ಉಪಾಯವಿದು. 40-42ರಲ್ಲಿ ಇಟ್ಟವರಲ್ಲಿ ಮಿದುಳಿನ ಆಕ್ಸಿಮೀಟರಿನ ಅಂಕಿ ಕುಸಿಯುವುದು ಬಹಳ ಕಡಿಮೆ ಎಂದು ಅಧ್ಯಯನವೂ ತೋರಿಸಿದೆ. ಆದರೆ ವೆಂಟಿಲೇಟರ್ ಮುಟ್ಟದಿದ್ದರೂ ಈ ಡೈಆಕ್ಸೈಡಿನ ಅಂಕಿ ತಟಕ್ಕನೆ ಕೆಳಗೆ ಬಿದ್ದರೆ ಅದು ಬೇರೆಯೇ ಸುದ್ದಿ: ಹೃದಯದ ಹರಿವು ಕುಸಿದಿದೆ, ಇಲ್ಲವೇ ಸಿರೆಗೆ ಗಾಳಿ ಸೇರಿದೆ.

ಒತ್ತಡ ಏರಿಸುವ ಔಷಧಿಗಳಲ್ಲಿ ಒಂದು ಗೊಂದಲವಿದೆ. ಫಿನೈಲೆಫ್ರಿನ್ 50-100 ಮೈಕ್ರೊಗ್ರಾಂ ಕೊಟ್ಟರೆ ಬಿಪಿ ಏರುತ್ತದೆ, ಆಕ್ಸಿಮೀಟರಿನ ಅಂಕಿ ಮಾತ್ರ ಇನ್ನಷ್ಟು ಇಳಿಯಬಹುದು. ನೆತ್ತಿಯ ಚರ್ಮದ ನಾಳಗಳು ಬಿಗಿಯಾಗಿ ಅಂಕಿಗೆ ಕಲಬೆರಕೆಯಾಗುವುದು ಒಂದು ಕಾರಣ, ನಾಡಿ ನಿಧಾನವಾಗಿ ಹೃದಯದ ಹರಿವು ಇಳಿಯುವುದು ಇನ್ನೊಂದು. ಅಂಕಿ ನೋಡಿ ಹೆದರಿ ಒತ್ತಡವನ್ನೇ ಇಳಿಸಿಬಿಡಬೇಡಿ. ನಾಡಿ 60ಕ್ಕಿಂತ ಕಡಿಮೆ ಇದ್ದರೆ ಎಫೆಡ್ರಿನ್ 6 ಮಿ.ಗ್ರಾಂ., ಅಥವಾ ನಮ್ಮ ಥಿಯೇಟರುಗಳಲ್ಲಿ ಕೈಗೆಟುಕುವ ಮೆಫೆಂಟರ್ಮಿನ್ 3-6 ಮಿ.ಗ್ರಾಂ. ಹೆಚ್ಚು ಹೊಂದುತ್ತದೆ. ಪದೇ ಪದೇ ಬೇಕಾಗುತ್ತಿದ್ದರೆ ನಾರ್‌ಅಡ್ರಿನಲಿನ್ ಇನ್‌ಫ್ಯೂಷನ್ ಶುರುಮಾಡಿ. ಅಸಲಿಗೆ ಕುಸಿದ ಮೇಲೆ ಓಡುವುದಕ್ಕಿಂತ ಮೊದಲೇ ತಯಾರಾಗುವುದು ಮೇಲು: ಕಾಲಿಗೆ ಒತ್ತುಪಟ್ಟಿ, 500 ಮಿ.ಲೀ. ದ್ರವ, ಬೆನ್ನನ್ನು ಒಂದೇ ಸಲ ಎತ್ತದೆ 15-20 ಡಿಗ್ರಿಯಂತೆ ಏರಿಸಿ ಪ್ರತಿ ಹಂತದಲ್ಲೂ ಒಂದು ಬಿಪಿ.

ಇಷ್ಟೆಲ್ಲ ಮಾಡಿದರೂ ಅಂಕಿ ಏಳದಿದ್ದರೆ ಆಕ್ಸಿಜನ್ ಹೆಚ್ಚಿಸಿ, ಅರಿವಳಿಕೆ ಬೇಕಾದ್ದಕ್ಕಿಂತ ಆಳವಾಗಿದ್ದರೆ ತಗ್ಗಿಸಿ, ಹಿಮೋಗ್ಲೋಬಿನ್ ನೋಡಿ. ಅದಕ್ಕೂ ಬಗ್ಗದಿದ್ದರೆ ಟೇಬಲ್ ಇಳಿಸಿ. ಟೇಬಲ್ಲಿನ ರಿಮೋಟ್ ಯಾರ ಕೈಗೆಟುಕುವಂತಿದೆ, ಬೆನ್ನು ಇಳಿಸುವ ಬಟನ್ ಯಾವುದು ಎಂಬುದು ಆಪರೇಷನ್ ಶುರುವಾಗುವ ಮುಂಚೆಯೇ ಎಲ್ಲರಿಗೂ ಗೊತ್ತಿರಬೇಕು.

ಶಸ್ತ್ರಚಿಕಿತ್ಸಕರ ಕಡೆಯಿಂದ ಬರುವ ಬೇಡಿಕೆ ಒಂದೇ: ‘ಬ್ಲೀಡಿಂಗ್ ಆಗ್ತಿದೆ, ಏನೂ ಕಾಣ್ತಿಲ್ಲ, ಬಿಪಿ ಇಳಿಸಿ.’ ಅವರ ಕಷ್ಟ ನಿಜವಾದದ್ದೇ. ಮೇಲಿನ ಬಿಪಿ ಮತ್ತು ಕೀಲಿನೊಳಗೆ ಸಲೈನ್ ಹರಿಸುವ ಪಂಪಿನ ಒತ್ತಡದ ನಡುವಿನ ವ್ಯತ್ಯಾಸ 49 ಮಿ.ಮೀ. ಮೀರದಿದ್ದರೆ ನೋಟ ತಿಳಿಯಾಗಿರುತ್ತದೆ ಎಂಬ ಹಳೆಯ ಲೆಕ್ಕವಿದೆ. ಹಾಗಿದ್ದರೆ ಇಳಿಸಬೇಕಾದ್ದು ಬಿಪಿಯೇ ಏಕೆ? ಸ್ವಲ್ಪ ಹೊತ್ತು ಪಂಪ್ ಏರಿಸಬಹುದು. 3 ಲೀಟರಿನ ಸಲೈನ್ ಚೀಲಕ್ಕೆ 1 ಮಿ.ಗ್ರಾಂ. ಅಡ್ರಿನಲಿನ್ ಸೇರಿಸಬಹುದು. ಬೇಡವೆನ್ನುವ ಕಾರಣವಿಲ್ಲದವರಿಗೆ ಮೊದಲೇ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಕೊಡಬಹುದು. ಸೋರುತ್ತಿರುವ ತೂತಿಗೆ ಬೆರಳಿಟ್ಟರೂ ಒಳಗಿನ ಸುಳಿ ನಿಂತು ರಕ್ತ ಬರುವುದು ತಗ್ಗುತ್ತದೆ. ಕಿವಿಯ ಮಟ್ಟದ ಲೆಕ್ಕವನ್ನು ಆಪರೇಷನ್‌ಗೆ ಮುಂಚೆ ಅವರೆದುರೇ ಒಮ್ಮೆ ಹಾಕಿ ತೋರಿಸಿದರೆ, ತೋಳಿನಲ್ಲಿ ಇಷ್ಟಕ್ಕಿಂತ ಕೆಳಗೆ ಇಳಿಸಲಾಗದು ಎಂಬ ಮಾತಿಗೆ ಸಾಮಾನ್ಯವಾಗಿ ಯಾರೂ ಎದುರಾಡುವುದಿಲ್ಲ.

ಪೂರ್ತಿ ಅರಿವಳಿಕೆ ಬಿಟ್ಟು, ಕುತ್ತಿಗೆಯಲ್ಲಿ ಇಂಟರ್‌ಸ್ಕೇಲಿನ್ ಬ್ಲಾಕ್ (ಭುಜದ ನರಗಳನ್ನಷ್ಟೇ ಮರಗಟ್ಟಿಸುವ ಚುಚ್ಚುಮದ್ದು) ಕೊಟ್ಟು ಲಘುವಾಗಿ ಮಂಪರು ಬರಿಸಿದರೆ ಮಿದುಳಿನ ಅಂಕಿ ಬಹಳ ಚೆನ್ನಾಗಿ ಉಳಿಯುತ್ತದೆ. 2013ರ ಹೋಲಿಕೆಯೊಂದರಲ್ಲಿ ಪೂರ್ತಿ ಅರಿವಳಿಕೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಂಕಿ ಕುಸಿದಿತ್ತು, ಬ್ಲಾಕ್-ಮಂಪರಿನವರಲ್ಲಿ ಒಬ್ಬರಿಗೂ ಇಲ್ಲ. ತಾವೇ ಉಸಿರಾಡುವವರಲ್ಲಿ ಇಂಗಾಲದ ಡೈಆಕ್ಸೈಡ್ ತುಸು ಹೆಚ್ಚೇ ಇರುವುದೂ ಇದಕ್ಕೆ ನೆರವಾಗುತ್ತದೆ. ಆದರೆ ಇದಕ್ಕೆ ಇದರದೇ ಗಂಡಾಂತರವಿದೆ. ಬ್ಲಾಕ್ ಕೊಟ್ಟು ಕೂರಿಸಿದವರಲ್ಲಿ, ಎಲ್ಲ ಸರಿಯಿದ್ದು ಇದ್ದಕ್ಕಿದ್ದಂತೆ ನಾಡಿ 40ಕ್ಕೆ ಇಳಿದು ಬಿಪಿ ಪಾತಾಳಕ್ಕೆ ಹೋಗಬಹುದು. ಕಾಲಲ್ಲಿ ರಕ್ತ ತಂಗಿ ಬರಿದಾದ ಹೃದಯ ಜೋರಾಗಿ ಹಿಂಡಿಕೊಂಡಾಗ ಹುಟ್ಟುವ ತಿರುಗುಬಾಣದಂಥ ಪ್ರತಿಕ್ರಿಯೆ ಎಂದು ಇದನ್ನು ವಿವರಿಸುತ್ತಾರೆ; ಬೆಜೋಲ್ಡ್-ಜಾರಿಶ್ ಎಂಬ ಹೆಸರಿದೆ. ಆಕಳಿಕೆ, ವಾಕರಿಕೆ, ಬೆವರು, ‘ಯಾಕೋ ಒಂಥರಾ ಆಗ್ತಿದೆ’ ಎಂಬ ಮಾತು, ಇವು ಮುನ್ಸೂಚನೆ. ಅಟ್ರೋಪಿನ್ 0.6 ಮಿ.ಗ್ರಾಂ. ಮತ್ತು ಎಫೆಡ್ರಿನ್ ಸಿರಿಂಜಿನಲ್ಲಿ ಎಳೆದಿಟ್ಟಿರಬೇಕು, ಆಂಪೂಲ್ ಒಡೆಯುವಷ್ಟು ಸಮಯ ಸಿಗುವುದಿಲ್ಲ. ದ್ರವ ಬಿಡಿ, ಬೆನ್ನು ಇಳಿಸಿ. ಅದಕ್ಕೂ ಬಗ್ಗದಿದ್ದರೆ ಅಡ್ರಿನಲಿನ್ನಿಗೆ ಹಿಂಜರಿಯಬೇಡಿ.

ಎಚ್ಚರಗೊಳಿಸಿದ ಮೇಲಿನ ಪರೀಕ್ಷೆಯಲ್ಲೂ ಈ ಬ್ಲಾಕ್ ದಿಕ್ಕು ತಪ್ಪಿಸುತ್ತದೆ. ಆಪರೇಷನ್ ಆದ ಕಡೆಯ ಕೈ ಎತ್ತಲಾಗುವುದಿಲ್ಲ, ಅದೇ ಕಡೆಯ ರೆಪ್ಪೆ ಜೋಲುತ್ತದೆ, ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ದನಿ ಗೊಗ್ಗರಾಗಬಹುದು. ಇವೆಲ್ಲ ಬ್ಲಾಕಿನಿಂದ ಬರುವಂಥವೇ. ಬ್ಲಾಕಿನಿಂದ ಬಾರದವು ಬೇರೆ: ಇನ್ನೊಂದು ಕೈಯ ದೌರ್ಬಲ್ಯ, ಯಾವುದೇ ಕಾಲಿನ ದೌರ್ಬಲ್ಯ, ನಗಿಸಿದಾಗ ಸೊಟ್ಟಗಾಗುವ ಬಾಯಿ, ತಡವರಿಸುವ ಮಾತು, ದೊಡ್ಡದಾದ ಪಾಪೆ, ಒಂದೇ ಕಡೆ ಹೊರಳಿದ ನೋಟ. ಆದ್ದರಿಂದ ರಿಕವರಿಯಲ್ಲಿ ಹೆಸರು ಕೇಳಿ, ನಗಿಸಿ, ಇನ್ನೊಂದು ಕೈ ಹಿಡಿಸಿ, ಎರಡೂ ಕಾಲು ಎತ್ತಿಸಿ, ಹೊತ್ತು ಬರೆದಿಡಿ. ಇವುಗಳಲ್ಲಿ ಒಂದು ಕಂಡರೂ, ಅಥವಾ ಔಷಧಿ ಇಳಿಯಬೇಕಾದ ಹೊತ್ತಿಗೆ ಎಚ್ಚರವಾಗದಿದ್ದರೂ, ‘ಇನ್ನೂ ಮಂಪರಿದೆ’ ಎಂದು ಕಾಯಬೇಡಿ. ಮಲಗಿಸಿ, ಒತ್ತಡ ಮೇಲಿಡಿ, ಸಕ್ಕರೆ ನೋಡಿ, ನರರೋಗ ತಜ್ಞರನ್ನು ಕರೆದು ಕೂಡಲೇ ಸ್ಕ್ಯಾನಿಗೆ ಕಳಿಸಿ. ರಕ್ತ ಸಾಲದೆ ಆದ ಹಾನಿ ಎರಡು ದೊಡ್ಡ ಧಮನಿಗಳ ಗಡಿಯಂಚಿನಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು, ಮೊದಲ ಗಂಟೆಗಳ ಸಿಟಿಯಲ್ಲಿ ಅದು ಕಾಣದೇ ಹೋಗಬಹುದು. ಸಿಟಿ ಸರಿಯಿದೆ ಎಂದು ಬಂದರೂ ಲಕ್ಷಣ ಉಳಿದಿದ್ದರೆ ಎಂಆರ್‌ಐ ಆಗಲೇಬೇಕು.